ಉಂಡವರ ನೆನಪು, ಅಟ್ಟವರ ಲೆಕ್ಕ

ಮದುವೆಯೂಟ ಮಾಡಿ ಬಂದವರನ್ನು ವಾರ ಕಳೆದ ಮೇಲೆ ಏನೇನು ಉಂಡಿರೆಂದು ಕೇಳಿದರೆ ಹೋಳಿಗೆ, ಚಿರೋಟಿಗಳ ಹೆಸರು ತಟ್ಟನೆ ನಾಲಗೆಗೆ ಬರುತ್ತದೆ. ಪಲ್ಯದ ಮೇಲೆ ಉದುರಿಸಿದ್ದ ಕೊತ್ತಂಬರಿ ಸೊಪ್ಪಿನ ಮಾತನ್ನು ಯಾರೂ ಎತ್ತುವುದಿಲ್ಲ. ರುಚಿ ಗಮನಿಸದುದನ್ನು ಮನಸ್ಸು ಕೂಡಿಟ್ಟುಕೊಳ್ಳುವುದಾದರೂ ಹೇಗೆ? ಇಂಥದೇ ಒಂದು ಸಣ್ಣ ಮರೆವು 2011ರ ಬೇಸಗೆಯಲ್ಲಿ ಜರ್ಮನಿಯ ವಿಜ್ಞಾನಿಗಳನ್ನು ಹಲವು ದಿನ ದಾರಿ ತಪ್ಪಿಸಿತು.

ಆ ವರ್ಷದ ಮೇ 19ರಂದು ಹ್ಯಾಂಬರ್ಗ್ ನಗರದಿಂದ ಬರ್ಲಿನ್ನಿನ ರಾಬರ್ಟ್ ಕಾಖ್ ಸಂಸ್ಥೆಗೆ ಒಂದು ವರ್ತಮಾನ ಬಂದಿತು. ರಕ್ತದ ಕೆಂಪುಕಣಗಳನ್ನು ಒಡೆದು ಮೂತ್ರಪಿಂಡಗಳನ್ನು ಕೆಡಿಸುವ ಅಪರೂಪದ ವ್ಯಾಧಿಗೆ ಮೂವರು ಮಕ್ಕಳು ಏಕಕಾಲದಲ್ಲಿ ತುತ್ತಾಗಿದ್ದರು. ಮರುದಿನವೇ ಸಂಸ್ಥೆಯವರು ಅಲ್ಲಿಗೆ ಧಾವಿಸಿದರು. ಸಾಮಾನ್ಯವಾಗಿ ಎಳೆಯ ಮಕ್ಕಳನ್ನೇ ಹಿಡಿಯತಕ್ಕ ಈ ವ್ಯಾಧಿ ಈ ಸಲ ಹಿಡಿದದ್ದು ಬಹುಪಾಲು ವಯಸ್ಕರನ್ನು. ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಹೆಂಗಸರು. ಎಷರಿಕಿಯ ಕೋಲಿ ಎಂಬ ಅಣುಜೀವಿಯ ‘ಓ104:ಎಚ್4’ ಎಂಬ ವಿಷಕಾರಿ ಬಗೆಯೊಂದು ಇದಕ್ಕೆ ಕಾರಣ. ಜುಲೈ ಕೊನೆಯಲ್ಲಿ ಪಿಡುಗು ಮುಗಿಯಿತೆಂದು ಸಾರುವ ಹೊತ್ತಿಗೆ ಸುಮಾರು 3,800 ಮಂದಿ ಕಾಯಿಲೆ ಬಿದ್ದಿದ್ದರು. 50ಕ್ಕೂ ಹೆಚ್ಚು ಮಂದಿ ಮಡಿದಿದ್ದರು.

ಇಂಥ ಸಂದರ್ಭದಲ್ಲಿ ಮೊದಲು ಮಾಡತಕ್ಕದ್ದು, ರೋಗಿಗಳನ್ನೂ ಅವರ ಓರಗೆಯ ಆರೋಗ್ಯವಂತರನ್ನೂ ಏನು ತಿಂದಿರೆಂದು ವಿಚಾರಿಸಿ ಎರಡು ಪಟ್ಟಿಗಳನ್ನು ಹೋಲಿಸುವುದು. ಹಾಗೆ ಹೋಲಿಸಿದಾಗ ಹಸಿ ಟೊಮೇಟೊ, ಸೌತೆಕಾಯಿ, ಸೊಪ್ಪು ಇವುಗಳ ಮೇಲೆ ಸಂದೇಹ ಬಿದ್ದಿತು. ಮೇ 26ರಂದು ಹ್ಯಾಂಬರ್ಗಿನ ಅಧಿಕಾರಿಗಳು ಸ್ಪೇನ್ ದೇಶದಿಂದ ಬಂದ ಸೌತೆಕಾಯಿಯ ಕಡೆ ಬೆರಳು ತೋರಿಸಿದರು. ಆ ಕಾಯಿಯಲ್ಲಿ ಎಷರಿಕಿಯ ಕೋಲಿ ಸಿಕ್ಕಿದ್ದುದು ನಿಜ. ಆದರೆ ಅದು ರೋಗಿಗಳಲ್ಲಿ ಕಂಡ ಬಗೆಯಲ್ಲವೆಂಬುದು ಐದು ದಿನಗಳಲ್ಲಿ ಗೊತ್ತಾಯಿತು. ಕಳ್ಳನ ಹೆಸರು ರಾಮಣ್ಣನೆಂದು ಕೇಳಿ ಬೇರೆ ಊರಿನ ರಾಮಣ್ಣನನ್ನು ಹಿಡಿದು ತಂದಂತೆ. ಅಷ್ಟರಲ್ಲಿ ಸ್ಪೇನಿನ ರೈತರ ಬೆಳೆ ಕೊಳ್ಳುವವರಿಲ್ಲದೆ ಹಾಳಾಗಿತ್ತು. ನಷ್ಟಕ್ಕೊಳಗಾದ ತರಕಾರಿ ಬೆಳೆಗಾರರಿಗಾಗಿ ಐರೋಪ್ಯ ಒಕ್ಕೂಟ 21 ಕೋಟಿ ಯೂರೋ ತೆಗೆದಿರಿಸಬೇಕಾಯಿತು. ಅಧಿಕಾರಿಗಳನ್ನು ನಾನು ಪೂರ್ತಿ ದೂರಲಾರೆ. ಜನ ಸಾಯುತ್ತಿರುವಾಗ ಸಂದೇಹವನ್ನು ಬಾಯಿ ಬಿಡದಿರುವುದೂ ಅಪರಾಧವೇ. ಆದರೂ ಸಂದೇಹವನ್ನು ಸಂದೇಹವೆಂದೇ ಹೇಳುವ ಒಂದು ಭಾಷೆಯುಂಟು; ಆ ವಾರ ಅದು ಕೇಳಿಬರಲಿಲ್ಲ.

ಉಂಡವರ ನೆನಪು ಸೋತಲ್ಲಿ ಅಟ್ಟವರ ಲೆಕ್ಕ ನೆರವಿಗೆ ಬಂದಿತು. ಲ್ಯೂಬೆಕ್ ನಗರದ ಒಂದು ಭೋಜನಶಾಲೆಯಲ್ಲಿ ಮೇ ತಿಂಗಳಲ್ಲಿ ಉಂಡಿದ್ದ ಹತ್ತು ತಂಡಗಳ ಸುಮಾರು 150 ಜನರಲ್ಲಿ ಐದರಲ್ಲೊಬ್ಬರಿಗೆ ಕಾಯಿಲೆ ತಗುಲಿತ್ತು. ಅಲ್ಲಿ ಶೋಧಕರು ‘ನೀವು ಏನೇನು ತಿಂದಿರಿ’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಯಾವ ಭಕ್ಷ್ಯ ತರಿಸಿದಿರಿ’ ಎಂದಷ್ಟೇ ಕೇಳಿದರು. ಆ ಭಕ್ಷ್ಯದೊಳಗೆ ಏನೇನು ಬಿದ್ದಿತ್ತೆಂಬುದನ್ನು ಬಾಣಸಿಗನ ಬಾಯಿಂದ ಒಂದೊಂದಾಗಿ ಹೊರಡಿಸಿದರು. ಉತ್ತರ ಹೊರಬಿದ್ದಿತು: ಮೊಳಕೆ ಕಾಳು. ಅದನ್ನು ಸೇವಿಸಿದವರು ಕಾಯಿಲೆ ಬೀಳುವ ಸಂಭವ ಸೇವಿಸದವರಿಗಿಂತ 14 ಪಟ್ಟು ಹೆಚ್ಚಾಗಿತ್ತು; ಅಲ್ಲಿ ಕಾಯಿಲೆ ಬಿದ್ದ ಪ್ರತಿಯೊಬ್ಬರ ತಟ್ಟೆಯಲ್ಲಿಯೂ ಅದು ಇದ್ದಿತು. ಬೇರೆ ರೋಗಿಗಳ ವಿಚಾರಣೆಯೊಂದರಲ್ಲಿ ಮೊಳಕೆ ತಿಂದುದು ನೆನಪಿದ್ದದ್ದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ! ಸೊಪ್ಪಿನ ಮೇಲೆ ಉದುರಿಸಿದ ನಾಲ್ಕು ಎಳೆಯನ್ನು ಯಾರು ಎಣಿಸಿಕೊಂಡಾರು? ಸಾಲದುದಕ್ಕೆ ತಿಂದ ದಿನಕ್ಕೂ ರೋಗ ಕಾಣಿಸಿದ ದಿನಕ್ಕೂ ಸುಮಾರು ಎಂಟು ದಿನದ ಅಂತರ.

ಮೊಳಕೆಯ ಪಾತ್ರೆಯಲ್ಲಿ ಕಾಳಿಗೆ ಹಿತವಾದ ತೇವ, ಬಿಸುಪು ರೋಗಾಣುವಿಗೂ ಹಿತವೇ. ಬೀಜಕ್ಕಂಟಿಕೊಂಡು ಬಂದ ಕೆಲವೇ ಅಣುಜೀವಿಗಳು ಎರಡು ಮೂರು ದಿನದಲ್ಲಿ ಅಗಣಿತವಾಗುತ್ತವೆ. ಮೊಳಕೆ ಕಾಳನ್ನು ಬೇಯಿಸಿ ಹುಳಿಯೋ ಉಸಳಿಯೋ ಮಾಡುವ ನಮ್ಮ ಹೆಂಗಸರು ಈ ಶಾಸ್ತ್ರವನ್ನು ಓದಿದವರಲ್ಲವಾದರೂ ಬೆಂಕಿಯ ಕಾವಲನ್ನು ಬಿಟ್ಟವರಲ್ಲ.

ಇನ್ನು ಮೂಲದ ಶೋಧ. ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ ನೋಡುವ ನಮ್ಮಂಥವರಿಗೆ ಈ ಭಾಗ ಚಿರಪರಿಚಿತವೆನ್ನಿಸೀತು. ದೂರದೂರದ ಪ್ರತಿಗಳಲ್ಲಿ ಒಂದೇ ವಿಲಕ್ಷಣ ತಪ್ಪು ಕಂಡರೆ ಅವುಗಳಿಗೆಲ್ಲ ಒಂದೇ ತಾಯಿಪ್ರತಿಯಿತ್ತೆಂದು ಗ್ರಂಥಸಂಪಾದಕ ಊಹಿಸುತ್ತಾನೆ. ಅದೇ ರೀತಿ, ವ್ಯಾಪಾರದ ಕಾಗದಪತ್ರ ದೊರೆತ 41 ರೋಗಿಸಮೂಹಗಳ ಜಾಡೂ ಲೋವರ್ ಸ್ಯಾಕ್ಸನಿ ಪ್ರಾಂತದ ಒಂದೇ ಮೊಳಕೆ ತೋಟಕ್ಕೆ ಹೋಗಿ ಮುಟ್ಟಿತು. ಜೂನ್ 10ರಂದು ಮೊಳಕೆಯೇ ಕಾರಣವೆಂದು ಪ್ರಕಟವಾಯಿತು. ಆದರೆ ತಪ್ಪು ಆ ತೋಟದಲ್ಲಿ ಹುಟ್ಟಿದ್ದೋ, ಬೀಜದೊಡನೆಯೇ ಬಂದದ್ದೋ? ಅದೇ ತಿಂಗಳು ಫ್ರಾನ್ಸಿನ ಬೋರ್ಡೊ ನಗರದ ಹತ್ತಿರ ಒಂದು ಸಮಾರಂಭದಲ್ಲಿ ಮೊಳಕೆ ತಿಂದವರಿಗೆ ಇದೇ ಬಗೆಯ ರೋಗಾಣು ತಗುಲಿತು. ಆ ಮೊಳಕೆ ಜರ್ಮನಿಯ ತೋಟದ್ದಲ್ಲ. ಬೀಜ ಕೊಂಡು ಅಲ್ಲಿಯೇ ಬೆಳೆಸಿದ್ದು. ಎರಡು ಕಡೆಯ ಬೀಜದ ಲೆಕ್ಕವನ್ನೂ ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದಾಗ ದಾರಿಗಳು ಕೂಡಿದ್ದು 2009ರ ಕೊನೆಯಲ್ಲಿ ಈಜಿಪ್ಟಿನಿಂದ ಹಡಗೇರಿದ್ದ ಹದಿನೈದು ಟನ್ ಬೀಜದ ಒಂದು ರವಾನೆಯಲ್ಲಿ. ನಮ್ಮ ಡಬ್ಬಿಗಳಲ್ಲಿರುವ ಅದೇ ಮೆಂತ್ಯ!

ತಾಯಿಪ್ರತಿ ಮಾತ್ರ ಕೈಗೆ ಸಿಕ್ಕಲಿಲ್ಲ. ಆ ರವಾನೆಯ ಬೀಜವನ್ನು ಎಷ್ಟು ಪರೀಕ್ಷಿಸಿದರೂ ರೋಗಾಣು ಕಾಣಲಿಲ್ಲ. ಈಜಿಪ್ಟಿನ ಸರ್ಕಾರವೂ ಆರೋಪವನ್ನು ಒಪ್ಪಲಿಲ್ಲ. ಕಾಗದಪತ್ರಗಳ ಸಾಕ್ಷ್ಯವನ್ನೇ ನೆಚ್ಚಿ ಐರೋಪ್ಯ ಒಕ್ಕೂಟ ಜುಲೈ ಮೊದಲ ವಾರದಲ್ಲಿ ಈಜಿಪ್ಟಿನ ಮೆಂತ್ಯದ ಆಮದನ್ನು ತಡೆದು, ಉಳಿದಿದ್ದ ಬೀಜವನ್ನು ಹುಡುಕಿ ನಾಶಪಡಿಸಲು ಆಜ್ಞೆ ಮಾಡಿತು. ಅಷ್ಟರಲ್ಲಿ ಅದು ಹಲವು ದೇಶಗಳ ವ್ಯಾಪಾರಿಗಳ ಕೈಗೆ ಹಂಚಿಹೋಗಿತ್ತು.