ಲೆಕ್ಕಕ್ಕೆ ಬಾರದ ಕೂಸುಗಳು

ಪದವಿಯಾದ ಮೇಲೆ ಸಂಶೋಧನೆಯೋ, ಸಮಾಜಸೇವೆಯೋ ಎಂದು ನಮ್ಮನ್ನು ಕೇಳುವಿರಲ್ಲವೇ? ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ 1984ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ವ್ಯಾಸಂಗ ಮುಗಿಸಿ, 1986ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಗೆ ಬಂದು ನೆಲೆಸಿದರು. ಅಲ್ಲಿನ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ. ಕೂಸು ಸತ್ತರೆ ಅದೂ ಮನೆಯಲ್ಲೇ. ಆಸ್ಪತ್ರೆಯ ದಾಖಲೆ ನೆಚ್ಚಿ ಕುಳಿತರೆ ಆ ಸಾವುಗಳು ಲೆಕ್ಕಕ್ಕೇ ಬಾರವು. ಆದ್ದರಿಂದ ಎಣಿಕೆ ಮನೆಮನೆಗೆ ಹೋಯಿತು.

ಮುಂದೆ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ಕೂಸನ್ನು ತೂಗುವುದು, ಬೆಚ್ಚಗಿಡುವುದು, ನಂಜೇರಿದರೆ ಜೆಂಟಾಮೈಸಿನ್ ಚುಚ್ಚುವುದನ್ನು ಕಲಿಸಿದರು. ವೈದ್ಯರಲ್ಲದವರ ಕೈಗೆ ಸೂಜಿಯೇ ಎಂದು ನೀವು ಹುಬ್ಬೇರಿಸಬಹುದು, ನಾನೂ ಏರಿಸಿದ್ದೆ. ಮೂರನೆಯ ವರ್ಷ ಹೋಲಿಕೆಯ ಹಳ್ಳಿಗಳಲ್ಲಿ ಸಾವಿರ ಜನನಕ್ಕೆ ಸುಮಾರು 60 ನವಜಾತ ಶಿಶುಗಳು ಸತ್ತರೆ, ಇಲ್ಲಿ ಸುಮಾರು 25. ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಮ್ಮೂರಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ತಕ್ಕಡಿ ಹಿಡಿದು ಬರುವ ಕ್ರಮ, 2011ರಲ್ಲಿ ದೇಶಕ್ಕೆ ಹರಡಿದ ಇದೇ ಪಾಠದ್ದು.