ಕಾರಿನೊಳಗಣ ಗುಂಯ್‌ಕಾರ

ಕೆರೂರಿನಿಂದ ಬಾದಾಮಿಗೆ ಭಕ್ತರೊಬ್ಬರ ಕಾರಿನಲ್ಲಿ ಹೊರಟಿದ್ದೆವು. ವಚನಗಾಯನದ ಹಿಂದೆ ಗುಂಯ್ ಎಂಬ ಸದ್ದು; ಎಂಜಿನ್ನಿನ ವೇಗ ಏರಿದಂತೆ ಅದೂ ಏರುತ್ತಿತ್ತು. ಕಂಪನಿಯ ಸ್ಟೀರಿಯೋಗೆ ತರುವಾಯ ಆಂಪ್ಲಿಫೈಯರ್, ಸಬ್‌ವೂಫರ್ ಜೋಡಿಸಲಾಗಿತ್ತು. ಅವರು ಹೊಸ ಆಂಪ್ಲಿಫೈಯರ್ ಕೊಳ್ಳಲು ಸಿದ್ಧರಿದ್ದರು, ನಾವು ತಡೆದೆವು. ಡಿಕ್ಕಿಯಲ್ಲಿ ಅರ್ಥಿಂಗ್ ತಂತಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣವು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದು. ಆಗ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಸುಳುತ್ತದೆ. ಬಣ್ಣ ಕೆರೆಯಿಸಿ, ಬರಿಯ ಲೋಹಕ್ಕೆ ಬಿಗಿಯಿಸಿದೊಡನೆ ಸದ್ದಡಗಿತು.

ಬಾನೆಟ್ಟಿನಡಿ ಕಂಡದ್ದು ಮಾತ್ರ ನಮ್ಮನ್ನು ನಡುಗಿಸಿತು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋದ ಕೆಂಪು ತಂತಿಗೆ ಫ್ಯೂಸೇ ಇರಲಿಲ್ಲ! ತಂತಿ ಸವೆದು ಕಾರಿನ ಮೈಗೆ ತಗುಲಿದರೆ ಬೆಂಕಿ ಹತ್ತೀತು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರತಕ್ಕದ್ದು. ಮಕ್ಕಳೊಡನೆ ಜಾತ್ರೆಗೆ ಹೊರಡುವ ಶರಣಬಂಧುಗಳು ಇದನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಅಂದು ಆ ತಂತಿಯನ್ನು ಬಿಚ್ಚಿಸಿ, ಹಾಡಿಲ್ಲದೆಯೇ ಬಾದಾಮಿ ತಲುಪಿದೆವು.