ವಂಶದ ರಿವಾಲ್ವರು ಹೇಳುವ ಚರಿತ್ರೆ

ತಲೆಮಾರುಗಳಿಂದ ಉಳಿದುಬಂದ ರಿವಾಲ್ವರಿನ ಪೂರ್ವಾಪರ ತಿಳಿಯಲು ಮನೆಮಂದಿಯ ನೆನಪಿಗಿಂತ ಅದರ ಮೈಮೇಲಿನ ಗುರುತುಗಳೇ ಹೆಚ್ಚು ನಂಬಲರ್ಹವಾಗಿದ್ದು, ಅಮೆರಿಕದ 1851ರ ಮಾದರಿಯ ಕೋಲ್ಟ್ ನೇವಿ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಸ್ಯಾಮ್ಯುಯೆಲ್ ಕೋಲ್ಟ್ ರೂಪಿಸಿದ ಈ ಆಯುಧಕ್ಕೆ ಲೋಹದ ತೋಟಾ ಬೇಕಿರಲಿಲ್ಲ. ಆರು ಕೋಣೆಗಳ ಸುತ್ತುವ ಉರುಳೆಗೆ, ಅಂದರೆ ಸಿಲಿಂಡರಿಗೆ, ಮುಂದಿನಿಂದ ಕರಿಮದ್ದನ್ನೂ ಸೀಸದ ಗುಂಡನ್ನೂ ತುಂಬಿ, ಪೆಟ್ಟು ಬಿದ್ದೊಡನೆ ಕಿಡಿ ಕಾರುವ ಪುಟ್ಟ ಕೇಪನ್ನು ಹಿಂಬದಿಗೆ ಕೂರಿಸಲಾಗುತ್ತಿತ್ತು.

ನಳಿಗೆ, ಚೌಕಟ್ಟು ಮತ್ತು ಸಿಲಿಂಡರಿನ ಕ್ರಮಸಂಖ್ಯೆಗಳು ಒಂದೇ ಆಗಿದ್ದರೆ ಭಾಗಗಳು ಬದಲಾಗಿಲ್ಲವೆಂದು ಬಹುಮಟ್ಟಿಗೆ ನಂಬಬಹುದು, ಆ ಸಂಖ್ಯೆಯಿಂದಲೇ ತಯಾರಾದ ವರ್ಷವನ್ನೂ ಅಂದಾಜಿಸಬಹುದು. ಸಿಲಿಂಡರಿನ ಸುತ್ತ ಅಚ್ಚೊತ್ತಿದ, 1843ರಲ್ಲಿ ಟೆಕ್ಸಾಸಿನ ನೌಕಾಪಡೆ ಮೆಕ್ಸಿಕೋದೊಡನೆ ನಡೆಸಿದ ಕದನದ ಚಿತ್ರ ಎಷ್ಟು ಉಳಿದಿದೆ ಎಂಬುದು ಆಯುಧ ಎಷ್ಟು ಸವೆದಿದೆ ಎಂಬುದರ ಅಳತೆಯೂ ಹೌದು. ಈ ನವಿರಾದ ಗೆರೆಗಳನ್ನು ಉಜ್ಜಿ ಅಳಿಸುವುದು ದಾಖಲೆಯೊಂದನ್ನು ಹರಿದಂತೆಯೇ ಸರಿ.

ಆದ್ದರಿಂದ ಜೀರ್ಣೋದ್ಧಾರವೆಂದರೆ ಹೊಳಪು ಬರಿಸುವುದಲ್ಲ. ಶತಮಾನದ ಹಿಂದೆ ತುಂಬಿಟ್ಟ ಮದ್ದು ಇಂದಿಗೂ ಸಿಡಿಯಬಲ್ಲದಾದ್ದರಿಂದ ಮೊದಲು ಅನುಭವಿ ಕೋವಿ ಕುಶಲಿಯಿಂದ ಪರೀಕ್ಷೆ ಮಾಡಿಸಬೇಕು; ಬಳಿಕ ತೇವ ಹೀರಿ ಉಕ್ಕನ್ನು ತಿನ್ನುವ ಮದ್ದಿನ ಕಿಟ್ಟವನ್ನು ತೆಗೆದು, ಕೆಂಪು ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೆಲ್ಲನೆ ಸಡಿಲಿಸಿ, ಕಾಲ ಮೂಡಿಸಿದ ಕಂದು ಛಾಯೆಯನ್ನು ಹಾಗೆಯೇ ಉಳಿಸಬೇಕು. ಹೊಸದಾಗಿ ನೀಲಿ ಲೇಪ ಕೊಡಿಸಿದರೆ ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆ ಸಾಮಾನ್ಯವಾಗಿ ಕುಸಿಯುತ್ತದೆ.